ಮೌನ ಮತ್ತು ಸಮ್ಮತಿ

ಮೌನವೇ ಸಮ್ಮತಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಹೆಣ್ಣು ನೋಡುವ ಶಾಸ್ತ್ರಗಳಲ್ಲಿ. ಅದು ಕಾನೂನಿನಲ್ಲೂ ಇದೆ ಎಂದು ತಿಳಿದದ್ದು ಪಿಎಚ್.ಡಿ.ಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ, ಅಕ್ಕನ ಎಲೆಕ್ಟ್ರಿಕ್ ಕಾರಿಗೆ ಚಾರ್ಜರ್ ಹಾಕಿಸಲು ಹೊರಟಾಗ.

ಅಕ್ಕನ ಮನೆ ಫ್ರೀಮಾಂಟಿನ ಒಂದು ಕಾಂಡೋದಲ್ಲಿದೆ. ನಮ್ಮ ಅಪಾರ್ಟ್‌ಮೆಂಟುಗಳ ಹಾಗೆಯೇ ಇಲ್ಲೂ ಗೋಡೆಯ ಒಳಗಿನದು ನಮ್ಮದು, ಹೊರಗಿನದು ಎಲ್ಲರದು. ಅವಳ ಮೀಟರ್ ಕಾರು ನಿಲ್ಲುವ ಜಾಗದಿಂದ ಬಹಳ ದೂರ. ಹತ್ತಿರವಿರುವುದು ಇಡೀ ಕಟ್ಟಡಕ್ಕೆ ಸೇರಿದ ವಿದ್ಯುತ್ ಫಲಕ. ಅದನ್ನು ಮುಟ್ಟಲು ಮಂಡಳಿಯ ಒಪ್ಪಿಗೆ ಬೇಕು. ಮಂಡಳಿ ಎಂದರೆ ಸಂಬಳವಿಲ್ಲದೆ ದುಡಿಯುವ ಐವರು ನೆರೆಹೊರೆಯವರು.

ಅರ್ಜಿ ಬರೆಯುವ ಕೆಲಸ ನನಗೆ ಬಿತ್ತು. ಸಂಶೋಧನೆ ಮಾಡುವವರಿಗೆ ಬೇಕಾದಷ್ಟು ಬಿಡುವಿರುತ್ತದೆ ಎಂಬುದು ನಮ್ಮ ಮನೆಯವರ ಅಚಲ ನಂಬಿಕೆ.

ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಇದಕ್ಕೊಂದು ಕಾನೂನಿದೆ. ಮಾಲೀಕರು ತಮಗೆ ಗೊತ್ತುಮಾಡಿದ ಜಾಗದಲ್ಲಿ ಚಾರ್ಜರ್ ಹಾಕಿಸುವುದನ್ನು ಸಂಘ ಸಕಾರಣವಿಲ್ಲದೆ ತಡೆಯುವಂತಿಲ್ಲ. ಖರ್ಚು, ಕರೆಂಟಿನ ಬಿಲ್ಲು, ಹಾನಿಯಾದರೆ ಅದರ ಹೊಣೆ ಎಲ್ಲ ಮಾಲೀಕರದೇ. ಅರ್ಜಿ ತಲುಪಿದ 60 ದಿನಗಳಲ್ಲಿ ಮಂಡಳಿ ಬರಹದಲ್ಲಿ ನಿರಾಕರಿಸದೆ, ಹೆಚ್ಚಿನ ಮಾಹಿತಿಯನ್ನೂ ಕೇಳದೆ ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ.

45 ದಿನ ಕಳೆದರೂ ಉತ್ತರ ಬರಲಿಲ್ಲ. 'ಇನ್ನು ಹದಿನೈದು ದಿನ ತಾನೆ, ಸುಮ್ಮನಿರಿ' ಎಂದರು ಭಾವ. ಅಕ್ಕ ಕೇಳಲಿಲ್ಲ. 'ದಿನಾ ಲಿಫ್ಟಿನಲ್ಲಿ ಮುಖ ನೋಡಬೇಕಾದವರು ಅವರು' ಎಂದು ಸಭೆಗೆ ಹೊರಟಳು. ನಾನೂ ಹೋದೆ.

ಬೆಂಕಿಯ ಭಯ, ಬಿಲ್ಲಿನ ಲೆಕ್ಕ ಎಲ್ಲಕ್ಕೂ ನನ್ನ ಬಳಿ ಉತ್ತರವಿತ್ತು. ಆಗ ನಿವೃತ್ತ ಹಿರಿಯರೊಬ್ಬರು ಕೇಳಿದರು: 'ಫಲಕದಲ್ಲಿ ಉಳಿದಿರುವ ಶಕ್ತಿಯನ್ನು ಮೊದಲು ಬಂದ ನಾಲ್ವರು ಬಳಸಿಬಿಟ್ಟರೆ, ಐದನೆಯವರು ಏನು ಮಾಡಬೇಕು?' ಅವರ ಬಳಿ ಇದ್ದದ್ದು ಹಳೆಯ ಪೆಟ್ರೋಲ್ ಕಾರು. ಐದನೆಯವರು ತಾವೇ ಇರಬಹುದೆಂದು ಅವರಿಗೆ ಗೊತ್ತಿತ್ತು.

ನಾನು ಓದಿಕೊಂಡು ಹೋಗಿದ್ದ ಕಾನೂನು ಅಕ್ಕನ ಹಕ್ಕನ್ನು ಹೇಳುತ್ತಿತ್ತು, ಆ ಐದನೆಯವರ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಅಲ್ಲೇ ಕೂತು ಲೆಕ್ಕ ಹಾಕಿದೆವು. ಅಕ್ಕ ದಿನಕ್ಕೆ ಓಡಿಸುವುದು 30 ಮೈಲಿ, ಅದಕ್ಕೆ ಬೇಕಾದದ್ದು ಸುಮಾರು 9 ಯೂನಿಟ್. ದೊಡ್ಡ ಚಾರ್ಜರ್ ಅಷ್ಟನ್ನು ಒಂದೂಕಾಲು ಗಂಟೆಯಲ್ಲಿ ತುಂಬುತ್ತದೆ. 120 ವೋಲ್ಟಿನ ಸಾಮಾನ್ಯ ಪ್ಲಗ್ ಆರೇಳು ಗಂಟೆ ತೆಗೆದುಕೊಳ್ಳುತ್ತದೆ. ಕಾರು ಹೇಗೂ ರಾತ್ರಿಯಿಡೀ ನಿಂತೇ ಇರುತ್ತದಲ್ಲ. ಒಂದೇ ಮಿತಿಯನ್ನು ತಮ್ಮೊಳಗೆ ಹಂಚಿಕೊಳ್ಳುವ ಚಾರ್ಜರುಗಳೂ ಇವೆ. ಹೆಚ್ಚು ಕಾರುಗಳು ಸೇರಿದಾಗ ಪ್ರತಿಯೊಂದೂ ತುಸು ನಿಧಾನವಾಗುತ್ತದೆ, ಬೆಳಗಾಗುವುದರೊಳಗೆ ಎಲ್ಲರ ಅಗತ್ಯವೂ ಪೂರೈಸುತ್ತದೆ.

ಅಂಥ ಚಾರ್ಜರನ್ನೇ ಹಾಕಿಸಬೇಕು, ಮುಂದೆ ಬರುವವರ ತಂತಿಗೂ ಜಾಗವಿರುವಷ್ಟು ಅಗಲದ ಪೈಪ್ ಎಳೆಯಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಖರ್ಚು ಹೆಚ್ಚಾಯಿತೆಂದು ಭಾವ ಈಗಲೂ ಗೊಣಗುತ್ತಾರೆ. ಸುಮ್ಮನೆ ಕಾದಿದ್ದರೆ ನಮಗೂ ಚಾರ್ಜರ್ ಸಿಗುತ್ತಿತ್ತು, ನಿಜ. ಆದರೆ ಆ ಪ್ರಶ್ನೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮೊನ್ನೆ ಆ ಹಿರಿಯರು ಅಕ್ಕನನ್ನು ಲಿಫ್ಟಿನಲ್ಲಿ ನಿಲ್ಲಿಸಿ, ನಿಮ್ಮ ಕಾರು ಚಳಿಗಾಲದಲ್ಲಿ ಎಷ್ಟು ಮೈಲಿ ಓಡುತ್ತದೆ ಎಂದು ವಿಚಾರಿಸಿದರಂತೆ.