ಸೊನ್ನೆಯೂ ಅಡ್ಡಗೆರೆಯೂ

ಪ್ರತಿ ವರ್ಷವೂ ಈ ಸಂಚಿಕೆಗಾಗಿ ನಮ್ಮಿಂದ ಲೇಖನವನ್ನು ಬೇಡುವಾಗ ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು, “ಸರ್, ಈ ಸಲ ಪಾಠ ಬೇಡ” ಎಂಬ ವಿನಂತಿಯನ್ನೂ ಜೊತೆಗೆ ಸೇರಿಸುವುದುಂಟು. ಭೂಗೋಲದ ಅಧ್ಯಾಪಕನು ಲೇಖನಿ ಹಿಡಿದರೆ ಮಾನ್ಸೂನ್ ಮಾರುತಗಳಿಂದಲೇ ಆರಂಭಿಸುವನೆಂಬ ಭಯ ಅವರಿಗೆ. ಆ ಭಯ ನಿರಾಧಾರವಾದುದಲ್ಲ. ಆದರೆ ಈ ಸಲ ನಾವು ಕಲಿಸಿದ ಪಾಠವನ್ನು ಬಿಟ್ಟು, ಕಲಿತ ಪಾಠವೊಂದನ್ನು ಬರೆಯಹೊರಟಿರುವುದರಿಂದ ಕ್ಷಮೆ ದೊರೆಯಬಹುದೆಂದು ನಂಬಿದ್ದೇವೆ.

ನಮ್ಮ ಶಾಲೆಯ ಮಹಡಿಯ ಮೆಟ್ಟಿಲ ಪಕ್ಕದಲ್ಲಿ ಒಂದು ಕರಿಹಲಗೆಯಿದೆ. ಮಕ್ಕಳು ಅದನ್ನು ‘ಭೂಗೋಲದ ಹಲಗೆ’ ಎನ್ನುತ್ತಾರೆ. ಅದರಲ್ಲಿ ಮೂರು ಅಂಕಣಗಳು: ಗೃಹಪಾಠ, ನೋಡತಕ್ಕದ್ದು, ಶಾಲೆಯ ಸಮಾಚಾರ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿಯೇ ಓದಿದವರು ನಾವು. ಆ ಶಾಲೆಗೆ ಇದ್ದುದು ಒಂದೇ ಗೋಡೆಯ ನಕ್ಷೆ. ಅದು ಮಡಿಕೆಯಲ್ಲಿ ಹರಿದಿತ್ತು. ದುರದೃಷ್ಟವಶಾತ್ ನಮ್ಮ ಜಿಲ್ಲೆ ಆ ಹರಕಿನಲ್ಲಿಯೇ ಬೀಳುತ್ತಿತ್ತು. ತನ್ನ ಊರನ್ನು ನಕ್ಷೆಯಲ್ಲಿ ಕಾಣದೆ ಬೆಳೆದ ಬಾಲಕನು ಅಧ್ಯಾಪಕನಾದಾಗ, ಕಂಡ ಕಂಡ ನಕ್ಷೆ, ಚಿತ್ರ, ಪತ್ರಿಕೆಯ ತುಣುಕುಗಳನ್ನೆಲ್ಲ ತಂದು ಹಲಗೆಯ ಬದಿಗೆ ಅಂಟಿಸುವುದು ಸಹಜವಲ್ಲವೆ?

2020ರ ಮಾರ್ಚ್ ತಿಂಗಳಲ್ಲಿ ಶಾಲೆಗೆ ಬೀಗ ಬಿದ್ದಿತು. ಹಲಗೆಯ ಮೂರು ಅಂಕಣಗಳೂ ದೂರವಾಣಿಯ ವಾಟ್ಸಪ್ ಗುಂಪಿಗೆ ಸ್ಥಳಾಂತರ ಹೊಂದಿದವು. ಒಂಬತ್ತನೆಯ ತರಗತಿಯಲ್ಲಿ ಆಗ ಇದ್ದವರು ಮೂವತ್ತೊಂದು ಮಂದಿ. ಕಟ್ಟಡದ ಕೆಲಸ, ಹೋಟೆಲ್ ಕೆಲಸ ನಿಂತುಹೋದುದರಿಂದ ಹನ್ನೊಂದು ಮಕ್ಕಳು ತಂದೆ ತಾಯಿಗಳೊಡನೆ ಕಲಬುರಗಿ, ವಿಜಯಪುರ ಜಿಲ್ಲೆಗಳ ತಮ್ಮ ಊರುಗಳನ್ನು ಸೇರಿದ್ದರು. ಬಹಳಷ್ಟು ಮನೆಗಳಲ್ಲಿ ಇದ್ದುದು ಒಂದೇ ದೂರವಾಣಿ. ಅದೂ ತಂದೆಯ ಜೇಬಿನಲ್ಲಿ. ಪುಸ್ತಕವನ್ನೇ ಮುಂಬಯಿಯ ಚಾಳಿನಲ್ಲಿ ಬಿಟ್ಟುಹೋದ ಮಕ್ಕಳಿಗೆ ಯಾವ ಗೃಹಪಾಠವನ್ನು ಕೊಡುವುದು?

ಯೋಚಿಸಿ ಯೋಚಿಸಿ ಕೊನೆಗೆ ಮಳೆಯನ್ನು ಅಳೆಯುವ ಕೆಲಸವನ್ನು ಕೊಟ್ಟೆವು. ನೇರವಾದ ಬದಿಗಳುಳ್ಳ ಪ್ಲಾಸ್ಟಿಕ್ ಶೀಸೆಯೊಂದರ ಕೊರಳನ್ನು ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಇಡಬೇಕು. ತಳ ಸಮವಾಗಿಲ್ಲದುದರಿಂದ ಸ್ವಲ್ಪ ಬೆಣಚುಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬಿ, ಅಲ್ಲಿ ಗೆರೆ ಎಳೆದು ಅದನ್ನು ಸೊನ್ನೆಯೆಂದು ತಿಳಿಯಬೇಕು. ಬಯಲಿನಲ್ಲಿಟ್ಟು, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಎಂದರೆ ಬೆಳಿಗ್ಗೆ 8.30ಕ್ಕೆ, ಗೆರೆಯ ಮೇಲಿನ ನೀರನ್ನು ಅಳತೆಪಟ್ಟಿಯಿಂದ ಅಳೆದು ಬರೆಯಬೇಕು. ಒಂದು ನಿಯಮವನ್ನು ಮೂರು ಸಲ ಒತ್ತಿ ಹೇಳಿದೆವು: “ಮಳೆ ಬಾರದ ದಿನ ಸೊನ್ನೆ ಬರೆಯಿರಿ. ಅಳೆಯಲಾಗದ ದಿನ ಅಡ್ಡಗೆರೆ ಎಳೆಯಿರಿ. ಸೊನ್ನೆಯೆಂದರೆ ನೋಡಿದೆವು, ಇರಲಿಲ್ಲ ಎಂದರ್ಥ. ಅಡ್ಡಗೆರೆಯೆಂದರೆ ನೋಡಲಾಗಲಿಲ್ಲ, ತಿಳಿಯದು ಎಂದರ್ಥ. ಇವೆರಡನ್ನು ಬೆರೆಸಿದರೆ ವರ್ಷದ ಲೆಕ್ಕವೇ ಸುಳ್ಳಾಗುವುದು.”

ಮಕ್ಕಳು ಉತ್ಸಾಹದಿಂದ ತೊಡಗಿದರು. ಆಗಸ್ಟ್ 5ರಂದು ಮುಂಬಯಿಯಲ್ಲಿ ಬಿರುಗಾಳಿಯೊಡನೆ ಮಳೆ ಸುರಿದು, ಕೊಲಾಬಾದಲ್ಲಿ 24 ಗಂಟೆಗಳಲ್ಲಿ 331.8 ಮಿಲಿಮೀಟರ್ ದಾಖಲಾಯಿತು. ನಮ್ಮ ಮುಂಬಯಿ ಮಕ್ಕಳ ಶೀಸೆಗಳು ತುಂಬಿ ಹರಿದುಹೋದವು. ಅಳೆಯುವುದಕ್ಕೆ ಉಳಿದುದು ಅಂಗಿಯ ತೇವ ಮಾತ್ರ. ಸಹ್ಯಾದ್ರಿಯ ಆಚೆಯ ಊರುಗಳಿಂದ ಬಂದ ಅಂಕೆಗಳೋ ಅತ್ಯಲ್ಪ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿದರೆ, ವಿಜಯಪುರಕ್ಕೆ ದೊರೆಯುವುದು ಸುಮಾರು 600 ಎಂಬುದನ್ನು ನಾವು ಎಷ್ಟೋ ವರ್ಷ ಸೀಮೆಸುಣ್ಣ ಸವೆಸಿ ಕಲಿಸಿದ್ದೆವು. ಮಳೆಯ ನೆರಳೆಂದರೇನೆಂಬುದನ್ನು ಆ ವರ್ಷ ಮಕ್ಕಳು ಪರಸ್ಪರರ ಶೀಸೆಗಳಲ್ಲಿ ಕಂಡರು.

ಊರಿಗೆ ಹೋದವರಲ್ಲಿ ಅತ್ಯಂತ ಕ್ರಮಬದ್ಧವಾಗಿ ಬರೆಯುತ್ತಿದ್ದವಳು ಅಫಜಲಪುರ ತಾಲ್ಲೂಕಿನ ಭೀಮಾತೀರದ ಒಬ್ಬ ಬಾಲಕಿ. ನಿತ್ಯವೂ ಅವಳ ಅಂಕೆ ಒಂಬತ್ತು ಗಂಟೆಯೊಳಗಾಗಿ ಬರುತ್ತಿತ್ತು. ಅಕ್ಟೋಬರ್ 13ರ ಅನಂತರ ಅದು ನಿಂತುಹೋಯಿತು. ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು — ನಾಲ್ಕು ದಿನ ಮೌನ. ಆ ಶನಿವಾರ ರಾತ್ರಿ ನಾವು ವಾರದ ಪಟ್ಟಿಯನ್ನು ಸಿದ್ಧಪಡಿಸಿ, ಅವಳ ಹೆಸರಿನ ಮುಂದೆ ನಾಲ್ಕು ಸೊನ್ನೆಗಳನ್ನು ಹಾಕಿ, ‘ಗೃಹಪಾಠದಲ್ಲಿ ಅಲಕ್ಷ್ಯ’ ಎಂದು ಷರಾ ಬರೆದು ಎಲ್ಲರಿಗೂ ಕಾಣುವಂತೆ ಗುಂಪಿಗೆ ಕಳುಹಿಸಿದೆವು. ಅಧ್ಯಾಪಕನ ಕರ್ತವ್ಯವನ್ನು ನೆರವೇರಿಸಿದ ತೃಪ್ತಿಯಿಂದ ಮಲಗಿದೆವು.

ಮರುದಿನ ಬೆಳಿಗ್ಗೆ ಅವಳ ಸಹಪಾಠಿಯೊಬ್ಬನು ಕರೆ ಮಾಡಿದನು. “ಸರ್, ಅವರ ಊರಿಗೆ ಹೊಳಿ ಬಂದೈತ್ರಿ. ಮನಿ ಬಿಟ್ಟು ಹೋಗ್ಯಾರಂತ್ರಿ.”

ನಾವು ಎದ್ದು ನಕ್ಷೆಯ ಮುಂದೆ ನಿಂತೆವು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವು ಅಕ್ಟೋಬರ್ 13ರಂದು ಆಂಧ್ರದ ತೀರವನ್ನು ದಾಟಿ, ತೆಲಂಗಾಣ, ಉತ್ತರ ಕರ್ನಾಟಕ, ದಕ್ಷಿಣ ಮಹಾರಾಷ್ಟ್ರಗಳ ಮೇಲೆ ಮಳೆ ಸುರಿಸಿದುದನ್ನು ನಾವು ಓದಿದ್ದೆವು. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಿಂದ ಭೀಮೆಗೆ ನೀರು ಬಿಟ್ಟ ವಾರ್ತೆಯನ್ನೂ ಓದಿದ್ದೆವು. ಓದಿದುದಷ್ಟೇ ಅಲ್ಲ, ‘ನೋಡತಕ್ಕದ್ದು’ ಎಂಬ ಶೀರ್ಷಿಕೆಯಡಿ ಮಕ್ಕಳಿಗೆ ಕಳುಹಿಸಿಯೂ ಇದ್ದೆವು! ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರವನ್ನು ಹಾದು, ಕನ್ನಡ ನಾಡನ್ನು ಹೊಕ್ಕು, ರಾಯಚೂರಿನ ಸಮೀಪ ಕೃಷ್ಣೆಯನ್ನು ಕೂಡುವ ಭೀಮೆಯ ಹಾದಿಯನ್ನು ಕಣ್ಣು ಮುಚ್ಚಿ ಎಳೆಯಬಲ್ಲ ನಾವು, ಆ ಹಾದಿಯ ಮೇಲೆ ನಮ್ಮ ವಿದ್ಯಾರ್ಥಿನಿಯ ಮನೆಯಿದೆಯೆಂಬುದನ್ನು ಮಾತ್ರ ನೆನೆಯಲಿಲ್ಲ. ಮಕ್ಕಳಿಗೆ ಮೂರು ಸಲ ಒತ್ತಿ ಹೇಳಿದ ನಿಯಮವನ್ನು ನಾವೇ ಮುರಿದಿದ್ದೆವು. ನೋಡದೆ, ವಿಚಾರಿಸದೆ, ಅಡ್ಡಗೆರೆಯ ಸ್ಥಾನದಲ್ಲಿ ಸೊನ್ನೆ ಬರೆದಿದ್ದೆವು.

ನಾಲ್ಕು ದಿನಗಳ ಬಳಿಕ ಅವಳ ಕರೆ ಬಂದಿತು. ಊರವರನ್ನೆಲ್ಲ ಇರಿಸಿದ್ದ ಕಾಳಜಿ ಕೇಂದ್ರದಿಂದ, ಯಾರದೋ ದೂರವಾಣಿಯಲ್ಲಿ ಮಾತನಾಡುತ್ತಿದ್ದಳು. ನಾವು ಕ್ಷೇಮವನ್ನು ವಿಚಾರಿಸಿ ಮುಗಿಸುವ ಮೊದಲೇ ಅವಳು ಅಪರಾಧಿಯಂತೆ ಮೆಲ್ಲಗೆ ಕೇಳಿದಳು: “ಸರ್, ಶೀಸೇನೂ ನೀರಾಗ ಹೋತ್ರಿ. ವಹೀನೂ ಹೋತ್ರಿ. ಆ ದಿನಗಳಿಗೆ ಮಳಿ ಎಷ್ಟಂತ ಬರೀಲ್ರಿ?”

ನಮಗೆ ಕೆಲವು ಕ್ಷಣ ಮಾತು ಹೊರಡಲಿಲ್ಲ. “ಅಡ್ಡಗೆರೆ ಎಳೆಯಮ್ಮಾ” ಎಂದೆವು. “ತಪ್ಪು ನಮ್ಮದು. ನಾವೂ ಹಾಗೆಯೇ ಎಳೆಯಬೇಕಾಗಿತ್ತು.”

ಯಾವ ಗುಂಪಿನಲ್ಲಿ ಅವಳ ಹೆಸರಿಗೆ ಕಳಂಕ ಹಚ್ಚಿದ್ದೆವೋ ಅದೇ ಗುಂಪಿನಲ್ಲಿ ಅಂದು ಸಂಜೆ ತಿದ್ದಿದ ಪಟ್ಟಿಯನ್ನು ಹಾಕಿ, ಕ್ಷಮೆ ಬೇಡಿದೆವು. ಅಧ್ಯಾಪಕನು ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಗೌರವ ಕುಂದುವುದೆಂದು ಹಿರಿಯ ಮಿತ್ರರೊಬ್ಬರು ಎಚ್ಚರಿಸಿದ್ದರು. ಗೌರವ ಕುಂದಿತೋ ಇಲ್ಲವೋ ನಾವರಿಯೆವು. ಆದರೆ ಮರುದಿನದಿಂದ ಆವರೆಗೆ ಬಾಯಿ ಬಿಡದ ಮಕ್ಕಳು ಒಬ್ಬೊಬ್ಬರಾಗಿ ನಮಗೆ ಗುಟ್ಟಾಗಿ ಬರೆಯತೊಡಗಿದರು: ಒಬ್ಬನ ತಂದೆ ದೂರವಾಣಿಯನ್ನು ಮಾರಿದ್ದರು, ಒಬ್ಬಳು ಬೆಳಗಿನ ಹೊತ್ತು ತಾಯಿಯೊಡನೆ ಹೊಲದ ಕೂಲಿಗೆ ಹೋಗುತ್ತಿದ್ದಳು. ನಮ್ಮ ಹಳೆಯ ಪಟ್ಟಿಗಳಲ್ಲಿದ್ದ ಸೊನ್ನೆಗಳಲ್ಲಿ ಎಷ್ಟೋ ಸೊನ್ನೆಗಳು ಸೊನ್ನೆಗಳಾಗಿರಲಿಲ್ಲ.

2021ರ ಅಕ್ಟೋಬರಿನಲ್ಲಿ ಶಾಲೆಯ ಬಾಗಿಲು ತೆರೆದಾಗ ಆ ಬಾಲಕಿ ಬರಲಿಲ್ಲ. ಅವಳ ತಂದೆ ಊರಿನಲ್ಲಿಯೇ ನಿಂತರು. ಅವಳು ಅಲ್ಲಿಯ ಪ್ರೌಢಶಾಲೆಯನ್ನು ಸೇರಿದಳು. ಪಠ್ಯಪುಸ್ತಕಗಳು ಬೇರೆಯಾದರೂ ಕಲಿಕೆಯ ಭಾಷೆ ಬದಲಾಗಲಿಲ್ಲವೆಂಬುದೇ ನಮಗೆ ಸಮಾಧಾನ. ಮುಂಬಯಿಯಲ್ಲಿ ಕನ್ನಡ ಶಾಲೆ ಏಕೆಂದು ಕೇಳುವವರಿಗೆ ಇದೂ ಒಂದು ಉತ್ತರವಾಗಬಹುದು.

ಭೂಗೋಲದ ಹಲಗೆ ಇಂದಿಗೂ ಮೆಟ್ಟಿಲ ಪಕ್ಕದಲ್ಲಿಯೇ ಇದೆ. ಮೂರು ಅಂಕಣಗಳೂ ಇವೆ. ಗೃಹಪಾಠ ಮಾಡದವರ ಪಟ್ಟಿ ಮಾತ್ರ ಅಲ್ಲಿ ಕಾಣುವುದಿಲ್ಲ. ನಮ್ಮ ಖಾಸಗಿ ವಹಿಯಲ್ಲಿ ಮೊದಲು ಅಡ್ಡಗೆರೆ ಬೀಳುತ್ತದೆ. ವಿಚಾರಿಸಿದ ಮೇಲೆಯೇ ಅದು ಸೊನ್ನೆಯಾಗಬೇಕೋ ಬೇಡವೋ ಎಂಬ ತೀರ್ಮಾನ. ಕ್ರಿಕೆಟ್ ಆಟದಿಂದ ಉಂಟಾದ ಸೊನ್ನೆಗಳೂ ನಮ್ಮಲ್ಲಿ ಸಾಕಷ್ಟಿವೆ. ಅಂಥ ವಿದ್ಯಾರ್ಥಿಗಳು ಈ ಲೇಖನವನ್ನೋದಿ ಹರ್ಷಪಡಬೇಕಾಗಿಲ್ಲ. ಉಳಿದವರಿಗೆ ನಮ್ಮದೊಂದು ವಿನಂತಿ: ನಿಮ್ಮ ಹೆಸರಿನ ಮುಂದೆ ಅಡ್ಡಗೆರೆಯಿದ್ದರೆ ಅಂಜದೆ ಬಂದು ಕಾರಣವನ್ನು ತಿಳಿಸಿರಿ. ನಕ್ಷೆಯನ್ನು ಬಿಚ್ಚಿ, ನಿಮ್ಮ ಮನೆ ಎಲ್ಲಿದೆಯೆಂದು ನೋಡಿಯೇ ನಾವು ಮುಂದಿನ ಮಾತನಾಡುವೆವು.