ಶಾರ್ಕ್ ಕೆಟ್ಟದ್ದೋ, ಶಿಲೀಂಧ್ರ ಕೆಟ್ಟದ್ದೋ?



ಯಾವುದಾದರೂ ಎರಡು ಜೀವಿಗಳನ್ನು ಹೋಲಿಸಿ ಬರೆಯಿರಿ ಎಂದು ವಿಜ್ಞಾನದ ಗುರುಗಳು ಹೇಳಿದರು. ನೀವೆಲ್ಲಾ ಆಕಳು-ಎಮ್ಮೆ, ಕಾಗೆ-ಕೋಗಿಲೆ ಬರೆದಿರಿ. ನಾನು ತಿಮಿಂಗಿಲ ಶಾರ್ಕ್ ಮತ್ತು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬರೆದೆ. "ನಮ್ಮ ಭೀಮಾ ಹೊಳ್ಯಾಗ ಶಾರ್ಕ್ ಎಲ್ಲಿಂದ ಬಂತವ್ವಾ?" ಎಂದು ನಕ್ಕಿರಿ. ಅದಕ್ಕೆ ಇದೇ ಉತ್ತರ.

ತಿಮಿಂಗಿಲ ಶಾರ್ಕ್ ಮೀನುಗಳಲ್ಲೆಲ್ಲಾ ದೊಡ್ಡದು. ಅರಬ್ಬೀ ಸಮುದ್ರದಲ್ಲಿಯೂ ಇದೆ. 12 ಮೀಟರಿಗಿಂತ ಉದ್ದ ಬೆಳೆಯಬಲ್ಲದು, ಅಂದರೆ ನಮ್ಮ ಶಾಲೆಯ ಎರಡು ಕೋಣೆ ಸೇರಿದಷ್ಟು. ಬಾಯಲ್ಲಿ ಸಾವಿರಾರು ಸಣ್ಣ ಹಲ್ಲುಗಳಿವೆ. ಆದರೂ ಮನುಷ್ಯರನ್ನು ತಿನ್ನುವುದಿಲ್ಲ. ನೀರು ಸೋಸಿ, ಅದರೊಳಗಿನ ಸಣ್ಣ ಸಣ್ಣ ಜೀವಿಗಳನ್ನು ತಿಂದು ಬದುಕುತ್ತದೆ. ಮನುಷ್ಯನೇ ಅದನ್ನು ಕೊಲ್ಲುತ್ತಿದ್ದ. 2001ರಲ್ಲಿ ಭಾರತ ಸರ್ಕಾರ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು.

ಫ್ಯುಸೇರಿಯಮ್ಮಿಗೆ ಹಲ್ಲೇ ಇಲ್ಲ. ಮಣ್ಣಿನಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೊಗರಿಯ ಬೇರಿನೊಳಗೆ ಹೊಕ್ಕು, ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ನಮ್ಮ ಕಡೆ ಇದಕ್ಕೆ ನೆಟೆ ರೋಗ ಅಂತಾರೆ.

2022ರಲ್ಲಿ ಅಫಜಲಪುರ ತಾಲೂಕಿನ ನಮ್ಮ ಹೊಲ, ಆಳಂದ ಕಡೆಯ ಮಾಮಾನ ಹೊಲ, ಜೇವರ್ಗಿ ಕಡೆಯ ಅತ್ತೆಯ ಹೊಲ, ಮೂರಕ್ಕೂ ನೆಟೆ ಬಿತ್ತು. ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ಅಪ್ಪ ಒಂದು ಗಿಡದ ಕಾಂಡ ಸೀಳಿ ತೋರಿಸಿದರು. ಒಳಗೆ ಕಪ್ಪು ಗೆರೆ. ಆ ವರ್ಷ ಎಮ್ಮೆ ಮಾರಿದೆವು. ಅಕ್ಕ ಕಾಲೇಜು ಬಿಟ್ಟಳು.

ಇವೆರಡಕ್ಕೂ ಹೋಲಿಕೆ ಏನು? ಗಿಡದಂತೆ ತಮ್ಮ ಆಹಾರವನ್ನು ತಾವೇ ತಯಾರಿಸಲು ಎರಡಕ್ಕೂ ಬರುವುದಿಲ್ಲ. ಇನ್ನೊಂದು ಸೋಜಿಗ ಕೇಳಿರಿ. ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಸಂಬಂಧಿಗಳಂತೆ!

ಈ ಶಿಲೀಂಧ್ರ ತೊಗರಿಯ ಕೊಯ್ಲಾದ ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ನಾವು ಪ್ರತಿ ವರ್ಷ ಅದೇ ಹೊಲದಲ್ಲಿ ತೊಗರಿ ಬಿತ್ತಿ ಅದಕ್ಕೆ ಊಟ ಹಾಕುತ್ತಿದ್ದೆವು. ಜೋಳದೊಂದಿಗೆ ಬೆಳೆ ಬದಲಿಸಬೇಕು, ರೋಗ ತಡೆಯುವ ಟಿಎಸ್-3ಆರ್ ತಳಿ ಬಿತ್ತಬೇಕು, ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಬೇಕು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ! ಆದ್ದರಿಂದ ಶಿಲೀಂಧ್ರವೆಲ್ಲಾ ಕೆಟ್ಟದ್ದು ಅನ್ನಬಾರದು.

ಇದನ್ನೆಲ್ಲಾ ಮನೆಯಲ್ಲಿ ಹೇಳಿದೆ. "ಜ್ವಾಳ ಬಿತ್ತಿದ್ರ ಸಾಲ ಹೆಂಗ ತೀರ್ತದ ಮಗಳ?" ಎಂದರು ಅಪ್ಪ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಈ ಸಲ ಅರ್ಧ ಹೊಲಕ್ಕೆ ಜೋಳ ಬಿತ್ತಿದ್ದಾರೆ. ನೋಡೋಣ.

ಗೆಳೆಯರೇ, ಹಲ್ಲು ಕಂಡು ಹೆದರುವುದು ಬ್ಯಾಡ. ಬೇರಿನ ಕಡೆ ಲಕ್ಷ್ಯ ಇರಲಿ.

– 9ನೇ ತರಗತಿಯ ವಿದ್ಯಾರ್ಥಿನಿ