ಗುಂಡು ಎಣಿಸಿ ಲೆಕ್ಕ ಕಲಿಸಿದವರು

ತಾಲಿಬಾನ್ ಬಗ್ಗೆ ಬರೆದ್ರೆ ಸಂಘಿಗಳ ಕೈಗೆ ಕೋಲು ಕೊಟ್ಟಂಗಾಗುತ್ತೆ, ಸುಮ್ನಿರಿ ಅಣ್ಣ ಅಂತ ನಮ್ಮ ಹುಡುಗ್ರೇ ಹೇಳ್ತಾರೆ. ಇಷ್ಟು ದಿನ ಸುಮ್ನಿದ್ದೆ ಕೂಡ.

ಅಫ್ಘಾನಿಸ್ತಾನದಲ್ಲಿ ಆರನೇ ಕ್ಲಾಸು ದಾಟಿದ ಹೆಣ್ಣುಮಗಳು ಶಾಲೆಗೆ ಹೋಗುವಂತಿಲ್ಲ. 2022ರ ಮಾರ್ಚ್ 23ರಂದು ಹೈಸ್ಕೂಲು ತೆರೆದರು. ಚೀಲ ಹೆಗಲಿಗೇರಿಸಿ ಬಂದ ಹುಡುಗಿಯರನ್ನ ಕೆಲವೇ ಗಂಟೆಗಳಲ್ಲಿ ವಾಪಸ್ ಕಳಿಸಿದರು. ಅದೇ ಡಿಸೆಂಬರಲ್ಲಿ ಯೂನಿವರ್ಸಿಟಿಯೂ ಬಂದ್. ಯುನೆಸ್ಕೋ ಲೆಕ್ಕದಲ್ಲಿ ಸುಮಾರು 22 ಲಕ್ಷ ಹುಡುಗಿಯರು ಹೊರಗಿದ್ದಾರೆ. ಅಕ್ಷರದ ಬಾಗಿಲು ಮುಚ್ಚೋದು ಅಂದ್ರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದು ಇಸ್ಲಾಮಾ? ಪ್ರವಾದಿಗೆ ಇಳಿದ ಮೊದಲ ಮಾತೇ 'ಇಕ್ರಾ', ಅಂದ್ರೆ ಓದು ಅಂತ ಮುಸ್ಲಿಮರು ನಂಬುತ್ತಾರೆ. ಯೂನಿವರ್ಸಿಟಿ ಮುಚ್ಚಿದಾಗ ಕೈರೋದ ಅಲ್-ಅಝರ್‌ನ ಹಿರಿಯ ಇಮಾಮ್ ಅಹ್ಮದ್ ಅಲ್-ತಯ್ಯಿಬ್, ಇದು ಶರಿಯತ್ತಿಗೇ ವಿರುದ್ಧ ಅಂದರು. ಹಂಗಂತ 'ಧರ್ಮಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ' ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ಆದೇಶ ಹೊರಡೋದು ಧರ್ಮದ ಹೆಸರಲ್ಲೇ. ಪಾಕಿಸ್ತಾನದ ಕುರಿತ ಪುಸ್ತಕದಲ್ಲಿ ಬಾಬಾಸಾಹೇಬರು ಪರ್ದಾ ಪದ್ಧತಿಯನ್ನ ಮುಲಾಜಿಲ್ಲದೆ ಟೀಕಿಸಿದ್ದಾರೆ. ಅದನ್ನ ಯಾರು ಬಳಸ್ಕೋತಾರೋ ಅಂತ ಹೆದರಿ ಪೆನ್ನು ಕೆಳಗಿಡಲಿಲ್ಲ.

ಆದ್ರೆ ಕಥೆ ಬರೀ ಮೌಲ್ವಿಗಳದ್ದಲ್ಲ. 1979ರಲ್ಲಿ ಸೋವಿಯತ್ ಸೇನೆ ನುಗ್ಗಿತು. ಅದನ್ನ ಸೋಲಿಸೋಕೆ ಅಮೆರಿಕ, ಸೌದಿ ದುಡ್ಡು ಪಾಕಿಸ್ತಾನದ ಐಎಸ್‌ಐ ಮೂಲಕ ಮುಜಾಹಿದೀನ್‌ಗಳಿಗೆ ಹರಿಯಿತು. ದುಡ್ಡು, ಬಂದೂಕಷ್ಟೇ ಅಲ್ಲ, ಪಠ್ಯಪುಸ್ತಕವೂ ಹೋಯ್ತು! ಅಮೆರಿಕ ಸರ್ಕಾರದ ಹಣದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯ ರೂಪಿಸಿದ ಆ ಪುಸ್ತಕಗಳ ಅಕ್ಷರಮಾಲೆಯಲ್ಲಿ ಜಿಹಾದ್, ಲೆಕ್ಕ ಕಲಿಯೋಕೆ ಗುಂಡು, ಟ್ಯಾಂಕಿನ ಚಿತ್ರ. ಮುಂದೆ ತಾಲಿಬಾನಿಗಳೂ ಅದೇ ಪುಸ್ತಕ ಬಳಸಿದರು. ಚಿತ್ರದಲ್ಲಿದ್ದ ಮನುಷ್ಯರ ಮುಖ ಮಾತ್ರ ಕೆರೆದು ಹಾಕಿದರು. ಗುಂಡುಗಳನ್ನ ಹಾಗೇ ಬಿಟ್ಟರು.

ಈಗ ನೋಡಿ, ತಾಲಿಬಾನ್ ಸರ್ಕಾರಕ್ಕೆ ಮೊದಲು ಮಾನ್ಯತೆ ಕೊಟ್ಟ ದೇಶ ರಷ್ಯಾ, 2025ರ ಜುಲೈನಲ್ಲಿ. ಅಕ್ಟೋಬರಲ್ಲಿ ಅವರ ವಿದೇಶಾಂಗ ಮಂತ್ರಿ ಮುತ್ತಖಿ ದಿಲ್ಲಿಗೆ ಬಂದ. ಕಾಬೂಲಿನಲ್ಲಿ ಮತ್ತೆ ರಾಯಭಾರ ಕಚೇರಿ ತೆರೀತೀವಿ ಅಂತ ನಮ್ಮ ಸರ್ಕಾರ ಹೇಳಿತು. ಇಲ್ಲಿ ದಿನಾ ಬೆಳಗಾದ್ರೆ ತಾಲಿಬಾನ್ ಹೆಸರು ಹೇಳಿ ಪಕ್ಕದ ಮನೆ ಸಾಬರನ್ನ ಬೈಯೋರು ಅವತ್ತು ತುಟಿ ಬಿಚ್ಚಲಿಲ್ಲ.

ಅಕ್ಟೋಬರ್ 10ರಂದು ದಿಲ್ಲಿಯ ಅಫ್ಘನ್ ರಾಯಭಾರ ಕಚೇರಿಯಲ್ಲಿ ಆತ ನಡೆಸಿದ ಪತ್ರಿಕಾಗೋಷ್ಠಿಗೆ ಒಬ್ಬ ಪತ್ರಕರ್ತೆಯನ್ನೂ ಕರೆದಿರಲಿಲ್ಲ. ಗಲಾಟೆಯಾದ ಮೇಲೆ ಎರಡು ದಿನ ಬಿಟ್ಟು ಕರೆದ.

ಆ ಎರಡು ದಿನ ನಮ್ಮ ಗ್ರೂಪಲ್ಲೂ ಒಂದು ಪೋಸ್ಟ್ ಇರಲಿಲ್ಲ. ನಂದೂ ಇರಲಿಲ್ಲ.